ಗಿಟಾರಿನ ಒಡೆದ ನಾದ

(ಬಾನುಲಿ ಭಾಷಣ)

ಸಂಗೀತದ ಚರಿತ್ರೆಯಲ್ಲಿ ದೋಷವೇ ಗುಣವಾಗಿ ಪರಿಣಮಿಸಿದ ಪ್ರಸಂಗಗಳು ಅಪರೂಪವಲ್ಲ. ನಮ್ಮ ತಂಬೂರಿಯನ್ನೇ ನೋಡಿ. ತಂತಿಯು ಕುದುರೆಯನ್ನು ಸುಮ್ಮನೆ ದಾಟಿ ಹೋದರೆ ನಾದ ಬೋಳಾಗಿ ಕೇಳುತ್ತದೆ. ತಂತಿಗೂ ಕುದುರೆಗೂ ನಡುವೆ ದಾರದ ಒಂದು ಎಳೆಯನ್ನು ತೂರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿಯು ಕುದುರೆಯ ಮೈಯನ್ನು ಸವರುತ್ತ ಝೇಂಕರಿಸುವಂತೆ ಮಾಡಿದಾಗ ಅದರಲ್ಲಿ ಅಡಗಿದ್ದ ಉಪಸ್ವರಗಳೆಲ್ಲ ಎದ್ದು ಬರುತ್ತವೆ. ಆ ಎಳೆಗೆ ಜೀವಾಳವೆಂದೇ ಹೆಸರು. ಶುದ್ಧವಾದ ಕಂಪನಕ್ಕೆ ಒಡ್ಡಿದ ಅಡ್ಡಿಯೇ ಅಲ್ಲಿ ನಾದದ ಜೀವ.

ವಿದ್ಯುತ್ ಗಿಟಾರಿನ ಲೋಕದಲ್ಲಿ ಡಿಸ್ಟಾರ್ಷನ್ ಎಂದು ಕರೆಯುವ ಒಡೆದ ನಾದವೂ ಇದೇ ಜಾತಿಗೆ ಸೇರಿದ್ದು. ಅದನ್ನು ಹುಟ್ಟಿಸಲು ಕಾಲಿನಿಂದ ಒತ್ತುವ ಒಂದು ಪುಟ್ಟ ಲೋಹದ ಪೆಟ್ಟಿಗೆಯಿದೆ; ಅದಕ್ಕೆ ಪೆಡಲ್ ಎನ್ನುತ್ತಾರೆ. ಇಂದು ಮನೆಯ ಒಂದು ಮೂಲೆಯಲ್ಲಿ ಕಂಪ್ಯೂಟರನ್ನಿಟ್ಟುಕೊಂಡು, ಅಕ್ಕಪಕ್ಕದವರ ನಿದ್ದೆಗೆ ಭಂಗ ತಾರದೆ, ಗಿಟಾರನ್ನು ತಂತಿಯ ಮೂಲಕ ನೇರವಾಗಿ ಧ್ವನಿಮುದ್ರಣ ಯಂತ್ರಕ್ಕೆ ಜೋಡಿಸಿ ನುಡಿಸುವ ತರುಣ ತರುಣಿಯರು ಊರೂರಿನಲ್ಲಿದ್ದಾರೆ. ಅವರೆಲ್ಲರನ್ನೂ ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ: ಯಾವ ಪೆಡಲನ್ನು ಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಪೆಡಲಿನೊಳಗೆ ಅರ್ಧ ಮಾತ್ರ ಇದೆ, ಉಳಿದರ್ಧ ಹೊರಗಿದೆ ಎಂಬುದೇ ಈ ಭಾಷಣದ ಸಾರಾಂಶ.

ಮೊದಲು ಈ ನಾದ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ 'ರಾಕೆಟ್ 88' ಎಂಬ ಹಾಡಿನ ಧ್ವನಿಮುದ್ರಣವಾಯಿತು. ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್‌ನ ಆಂಪ್ಲಿಫೈಯರು ದಾರಿಯಲ್ಲಿ ಪೆಟ್ಟು ತಿಂದಿತ್ತೆಂದೂ, ಅದರ ಸ್ಪೀಕರಿಗೆ ಕಾಗದವನ್ನು ತುರುಕಿ ಕೆಲಸ ಸಾಗಿಸಿದರೆಂದೂ ಹೇಳುತ್ತಾರೆ. ಆ ಗೊರಗೊರ ದನಿಯನ್ನು ತೆಗೆದುಹಾಕದೆ ಉಳಿಸಿಕೊಂಡದ್ದು ಧ್ವನಿಮುದ್ರಕ ಸ್ಯಾಮ್ ಫಿಲಿಪ್ಸ್‌ನ ರಸಿಕತೆ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಪೆಟ್ಟು ಬೀಳುವವರೆಗೆ ಕಾಯಲಿಲ್ಲ. ತಾನೇ ಬ್ಲೇಡಿನಿಂದ ಸ್ಪೀಕರಿನ ಕಾಗದವನ್ನು ಸೀಳಿದ. ಹೀಗೆ ಅಪಘಾತ ಅಭ್ಯಾಸವಾಯಿತು, ಅಭ್ಯಾಸ ಶೈಲಿಯಾಯಿತು.

ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಘಟನೆ ನಡೆದದ್ದು ನ್ಯಾಶ್ವಿಲ್ ನಗರದಲ್ಲಿ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್‌ನ 'ಡೋಂಟ್ ವರಿ' ಎಂಬ ಹಾಡಿಗೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಗಿಟಾರ್ ನುಡಿಸುತ್ತಿದ್ದಾಗ, ಧ್ವನಿಮುದ್ರಣ ಮೇಜಿನ ಒಂದು ಚಾನೆಲ್ಲಿನ ಟ್ರಾನ್ಸ್‌ಫಾರ್ಮರು ಕೆಟ್ಟಿತ್ತು. ವಾದ್ಯದ ದನಿ ದುಂಬಿಯ ಮೊರೆತದಂತೆ ಬದಲಾಗಿ ಬಂತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನು ಅಭ್ಯಾಸ ಮಾಡಿ, ಅದೇ ದನಿಯನ್ನು ಬೇಕೆಂದಾಗ ಕೊಡುವ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರೂಪಿಸಿದ. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ 'ಮ್ಯಾಸ್ಟ್ರೋ ಫಝ್ ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂರು ವರ್ಷಗಳ ಬಳಿಕ, 1965ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಅದನ್ನು ಬಳಸಿ ಲೋಕಪ್ರಸಿದ್ಧಗೊಳಿಸಿದ. ಮುಂದೆ ತುತ್ತೂರಿಯ ಮೇಳ ನುಡಿಸಬೇಕಾದ ಸ್ವರಪಂಕ್ತಿಗೆ ಅದು ಬರಿಯ ಕರಡೆಂದು ಅವನು ಭಾವಿಸಿದ್ದನಂತೆ, ಕರಡೇ ಕೃತಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಪೆಡಲಿನ ಮೂಲಪುರುಷ ಹುಟ್ಟಿದ್ದು ಆಂಪ್ಲಿಫೈಯರಿನಲ್ಲಲ್ಲ, ಧ್ವನಿಮುದ್ರಣದ ಮೇಜಿನಲ್ಲಿ. 1968ರಲ್ಲಿ ಬೀಟಲ್ಸ್ ತಂಡ 'ರೆವಲ್ಯೂಷನ್' ಹಾಡಿನ ಧ್ವನಿಮುದ್ರಿಕೆಗೆ ಗಿಟಾರುಗಳನ್ನು ಸ್ಪೀಕರಿನ ಗೊಡವೆಯಿಲ್ಲದೆ ಮೇಜಿಗೇ ಜೋಡಿಸಿ, ಅದರ ಪ್ರವರ್ಧಕಗಳನ್ನು ಮಿತಿ ಮೀರಿ ದುಡಿಸಿ, ಹರಿತವಾದ ಒಡಕು ದನಿಯನ್ನು ಪಡೆಯಿತು. ಆದ್ದರಿಂದ ನೇರ ಧ್ವನಿಮುದ್ರಣವೆಂಬುದು ಬಡತನದ ಉಪಾಯ, ಕೈಲಾಗದವರ ದಾರಿ ಎಂಬ ತಿಳುವಳಿಕೆ ಸರಿಯಲ್ಲ. ಅದಕ್ಕೂ ಒಂದು ಪರಂಪರೆಯಿದೆ.

ಇನ್ನು ಈ ಪೆಟ್ಟಿಗೆಯೊಳಗೆ ನಡೆಯುವುದೇನು? ಗಿಟಾರಿನ ತಂತಿ ಹುಟ್ಟಿಸುವ ವಿದ್ಯುತ್ತು ಬಹಳ ಅಲ್ಪ. ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಪೆಡಲ್ ಅದನ್ನು ನೂರಾರು ಪಟ್ಟು ಹಿಗ್ಗಿಸಿ, ಡಯೋಡುಗಳೆಂಬ ಬಾಗಿಲುಗಳ ಎದುರಿಗೆ ತಂದು ನಿಲ್ಲಿಸುತ್ತದೆ. ಸಿಲಿಕಾನ್ ಡಯೋಡಾದರೆ ಸುಮಾರು 0.6 ವೋಲ್ಟಿಗೆ, ಜರ್ಮೇನಿಯಮ್ ಆದರೆ ಸುಮಾರು 0.3 ವೋಲ್ಟಿಗೆ ಆ ಬಾಗಿಲು ತೆರೆದುಕೊಂಡು ಹೆಚ್ಚಾದುದನ್ನು ಹೊರಗೆ ಹರಿಸಿಬಿಡುತ್ತದೆ. ದುಂಡಗಿನ ಅಲೆಯ ತಲೆ ಹೀಗೆ ಕತ್ತರಿಸಿಹೋದಾಗ ಅದರಲ್ಲಿ ಮೊದಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯವು. ಅಸಮವಾಗಿ ಕತ್ತರಿಸಿದರೆ ಎರಡು, ನಾಲ್ಕು ಮೊದಲಾದ ಸಮ ಸಂಖ್ಯೆಯವೂ ಕೂಡಿಕೊಳ್ಳುತ್ತವೆ. ತಲೆಯನ್ನು ಮೆಲ್ಲಗೆ ಬಾಗಿಸುವ ಮಂಡಲಗಳಿಗೆ ಓವರ್‌ಡ್ರೈವ್ ಎಂದೂ, ಚಪ್ಪಟೆಯಾಗಿ ಕತ್ತರಿಸುವವಕ್ಕೆ ಡಿಸ್ಟಾರ್ಷನ್ ಎಂದೂ, ಅಲೆಯನ್ನು ಬಹುಮಟ್ಟಿಗೆ ಚೌಕಾಕಾರಕ್ಕೇ ತಂದುಬಿಡುವವಕ್ಕೆ ಫಝ್ ಎಂದೂ ರೂಢಿಯ ಹೆಸರು. ಎಲ್ಲೆಗಳು ಮಸುಕಾಗಿವೆ; ಹೆಸರನ್ನು ನಂಬಿ ಕೊಳ್ಳುವುದು ಕ್ಷೇಮವಲ್ಲ.

ಎರಡು ಸ್ವರಗಳನ್ನು ಕೂಡಿಸಿ ನುಡಿಸಿದಾಗ ಇನ್ನೊಂದು ಕೌತುಕ ನಡೆಯುತ್ತದೆ. ಕತ್ತರಿಸಿದ ಅಲೆಯಲ್ಲಿ ಆ ಎರಡರ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸಮನಾದ ಕಂಪನಗಳೂ ಕಾಣಿಸಿಕೊಳ್ಳುತ್ತವೆ. ಸೆಕೆಂಡಿಗೆ 110 ಕಂಪನಗಳ ಷಡ್ಜವನ್ನೂ ಅದರ ಪಂಚಮವಾದ 165ನ್ನೂ ಒಟ್ಟಿಗೆ ನುಡಿಸಿದರೆ, ವ್ಯತ್ಯಾಸ 55. ಅಂದರೆ ಅದೇ ಷಡ್ಜದ ಕೆಳಗಿನ ಸ್ಥಾಯಿ. ಯಾರೂ ಮೀಟದ ಮಂದ್ರಸ್ವರವೊಂದು ತಾನಾಗಿ ಎದ್ದು ನಿಲ್ಲುತ್ತದೆ. ರಾಕ್ ಸಂಗೀತ ಷಡ್ಜ ಪಂಚಮಗಳ ಜೋಡಿಯನ್ನೇ ಅಷ್ಟೊಂದು ನೆಚ್ಚಿಕೊಂಡಿರುವುದಕ್ಕೆ ಇದು ಮುಖ್ಯ ಕಾರಣ. ಅಂತರ ಗಾಂಧಾರವನ್ನು ಸೇರಿಸಿದರೋ, ಗಿಟಾರಿನ ಸಮವಿಭಜಿತ ಶ್ರುತಿಯಲ್ಲಿ ಅದು ಶುದ್ಧಸ್ಥಾನಕ್ಕಿಂತ ಸುಮಾರು 14 ಸೆಂಟುಗಳಷ್ಟು, ಎಂದರೆ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು, ಮೇಲಿರುವುದರಿಂದ, ಹುಟ್ಟುವ ವ್ಯತ್ಯಾಸಸ್ವರಗಳು ಒಂದಕ್ಕೊಂದು ಹೊಂದದೆ ತಿಕ್ಕಾಡುತ್ತವೆ. ಆದ್ದರಿಂದ ಕೊಳ್ಳುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಾನು ನುಡಿಸುವುದೇನು? ತುಂಬುಸ್ವರಗುಚ್ಛಗಳನ್ನು ನುಡಿಸುವವನಿಗೆ ಮೃದುವಾಗಿ ಕತ್ತರಿಸುವ, ಕಡಿಮೆ ಹಿಗ್ಗಿಸುವ ಪೆಡಲ್ ಒಗ್ಗುತ್ತದೆ. ಒಂಟಿ ಸ್ವರವನ್ನು ದೀರ್ಘವಾಗಿ ಎಳೆಯುವವನಿಗೂ ಪಂಚಮದ ಜೋಡಿಯನ್ನು ಬಡಿಯುವವನಿಗೂ ತೀವ್ರವಾದದ್ದು ಸಲ್ಲುತ್ತದೆ.

ಈಗ ಹೊರಗಿನ ಅರ್ಧಕ್ಕೆ ಬರೋಣ. ಅಂಗಡಿಯಲ್ಲಿ ಪೆಡಲನ್ನು ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದಾಗ ಘನವಾಗಿ, ತುಂಬಿಕೊಂಡು ಕೇಳಿದ ನಾದ, ಮನೆಗೆ ತಂದು ನೇರವಾಗಿ ಮುದ್ರಿಸಿದಾಗ ಕಾದ ಎಣ್ಣೆಗೆ ನೀರು ಚಿಮುಕಿಸಿದಂತೆ ಚಟಚಟಗುಟ್ಟುತ್ತದೆ. ಕೊಂಡವನು ಪೆಡಲನ್ನು ಹಳಿಯುತ್ತಾನೆ, ಅದನ್ನು ಮಾರಿ ಇನ್ನೊಂದನ್ನು ತರುತ್ತಾನೆ, ಅದೂ ಹಾಗೆಯೇ. ದೋಷ ಪೆಡಲಿನದಲ್ಲ. ನಡುವೆ ಇರಬೇಕಾದ ಒಬ್ಬ ಕೆಲಸಗಾರ ಗೈರುಹಾಜರಾಗಿದ್ದಾನೆ. ಅವನೇ ಸ್ಪೀಕರು.

ಗಿಟಾರಿನ ಸ್ಪೀಕರು ನಮ್ಮ ಮನೆಯ ರೇಡಿಯೋದ ಸ್ಪೀಕರಿನಂತೆ ಬಂದದ್ದನ್ನು ಬಂದಂತೆ ಒಪ್ಪಿಸುವ ದೂತನಲ್ಲ. ಹನ್ನೆರಡು ಅಂಗುಲದ ಆ ಕಾಗದದ ಶಂಕು ಸೆಕೆಂಡಿಗೆ ಸುಮಾರು 5,000 ಕಂಪನಗಳ ಮೇಲಿನದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ; ಸುಮಾರು 80ರ ಕೆಳಗಿನದನ್ನೂ ತಗ್ಗಿಸುತ್ತದೆ; ನಡುವಿನ 2,000ದಿಂದ 4,000ದ ಆವರಣವನ್ನು ತುಸು ಎತ್ತಿ ಹಿಡಿಯುತ್ತದೆ. ಪೆಡಲ್ ಹುಟ್ಟಿಸಿದ ಉಪಸ್ವರಗಳ ದಂಡು 10,000, 15,000ದವರೆಗೂ ಏರಿ ಹೋಗುತ್ತದಷ್ಟೆ. ಅವುಗಳಲ್ಲಿ ಸಂಗೀತಕ್ಕೆ ಬೇಕಾದವನ್ನು ಉಳಿಸಿಕೊಂಡು ಮಿಕ್ಕವನ್ನು ಜಾಲಿಸುವ ಜರಡಿಯೇ ಈ ಸ್ಪೀಕರು. ಪೆಡಲುಗಳನ್ನು ರೂಪಿಸಿದವರಲ್ಲಿ ಹೆಚ್ಚಿನವರು ಆ ಜರಡಿ ಮುಂದೆ ಇದ್ದೇ ಇರುತ್ತದೆಂದು ನಂಬಿ ರೂಪಿಸಿದವರು. ಕಿವಿಗೆ ಹಿತವಾದ ಒಡೆದ ನಾದವೆಂಬುದು ಎರಡು ಪೆಟ್ಟಿಗೆಗಳ ಕೂಡುಬಾಳು: ಒಂದು ಒಡೆಯುವ ಪುಟ್ಟ ಪೆಟ್ಟಿಗೆ, ಇನ್ನೊಂದು ಸೋಸುವ ದೊಡ್ಡ ಪೆಟ್ಟಿಗೆ.

ಹಾಗಾದರೆ ದೊಡ್ಡ ಪೆಟ್ಟಿಗೆಯನ್ನೇ ತಂದಿಟ್ಟುಕೊಳ್ಳಬಾರದೇಕೆ? ಅಂಥ ಸ್ಪೀಕರಿಗೆ ಒಂದೇ ಒಂದು ವಾಟ್ ವಿದ್ಯುತ್ತನ್ನು ಕೊಟ್ಟರೂ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್‌ಗೆ ಹತ್ತಿರದ ಸದ್ದು ಬರುತ್ತದೆ. ಗೋಡೆಗೆ ಗೋಡೆ ಅಂಟಿದ ಬಾಡಿಗೆಯ ಮನೆಗಳಲ್ಲಿ, ರಾತ್ರಿ ಕೆಲಸದಿಂದ ಬಂದು ನುಡಿಸುವವನಿಗೆ ಇದು ಆಗದ ಮಾತು. ಓದುವ ಮಕ್ಕಳು, ಮಲಗಿದ ಹಿರಿಯರು, ಮಾಲೀಕರ ಮುನಿಸು, ಇವೆಲ್ಲ ಸಂಗೀತದ ವ್ಯಾಕರಣದಲ್ಲಿ ಬಾರದಿದ್ದರೂ ಸಂಗೀತಗಾರನ ಬದುಕಿನಲ್ಲಿ ಬರುತ್ತವೆ. ನೇರ ಧ್ವನಿಮುದ್ರಣವಿಲ್ಲದಿದ್ದರೆ ಅಂಥವರ ಸಂಗೀತ ಹುಟ್ಟದೆಯೇ ಹೋದೀತು.

ಈ ಕೊರತೆಯನ್ನು ಮೊದಲು ಗಂಭೀರವಾಗಿ ಎದುರಿಸಿದವರಲ್ಲಿ ಒಬ್ಬ ಟಾಮ್ ಶೋಲ್ಝ್. ಮೆಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅವನು, ತನ್ನ ಮನೆಯ ನೆಲಮಾಳಿಗೆಯಲ್ಲಿ ಬಹುಪಾಲು ಮುದ್ರಿಸಿದ 'ಬಾಸ್ಟನ್' ಎಂಬ ಧ್ವನಿಮುದ್ರಿಕೆ 1976ರಲ್ಲಿ ಹೊರಬಂದು ಲಕ್ಷಾಂತರ ಪ್ರತಿಗಳು ಮಾರಾಟವಾದವು. 1982ರಲ್ಲಿ ಅವನ ಕಂಪನಿ 'ರಾಕ್‌ಮನ್' ಎಂಬ ಅಂಗೈಯಗಲದ ಯಂತ್ರವನ್ನು ತಂದಿತು. ಒಡೆಯುವ ಕೆಲಸ, ಸೋಸುವ ಕೆಲಸ ಎರಡನ್ನೂ ಅದೊಂದೇ ಮಾಡಿ ಕಿವಿಗೆ ಹಾಕಿದ ಹೆಡ್‌ಫೋನಿಗೆ ಒಪ್ಪಿಸುತ್ತಿತ್ತು. 1989ರಲ್ಲಿ ಆಂಡ್ರೂ ಬಾರ್ಟಾ ರೂಪಿಸಿದ 'ಸಾನ್ಸ್ಆಂಪ್' ಎಂಬ ಪೆಡಲ್ ಇದೇ ದಾರಿಯಲ್ಲಿ ಮುಂದಿನ ಹೆಜ್ಜೆ. ಅದರ ಹೆಸರೇ ಆಂಪ್ಲಿಫೈಯರಿಲ್ಲದೆ ಎಂದು ಸಾರುತ್ತದೆ. ಇಂದು ಇದಕ್ಕೆ ಇನ್ನೊಂದು ಉಪಾಯವೂ ಇದೆ. ನಿಜವಾದ ಸ್ಪೀಕರಿನ ಮುಂದೆ ಮೈಕನ್ನಿಟ್ಟು, ಅದು ಬೇರೆ ಬೇರೆ ಕಂಪನಗಳಿಗೆ ಹೇಗೆ ಓಗೊಡುತ್ತದೆಂಬುದನ್ನು ಅಳೆದು ಒಂದು ಪುಟ್ಟ ಕಡತವಾಗಿ ಇಡುತ್ತಾರೆ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎಂದು ಹೆಸರು. ಗಣಿತದ ಮೂಲಕ ಆ ಕಡತವನ್ನು ನಮ್ಮ ಮುದ್ರಣಕ್ಕೆ ಲೇಪಿಸಿದರೆ ದೂರದ ಯಾವುದೋ ಸ್ಪೀಕರಿನ ಗುಣ ನಮ್ಮ ನಾದಕ್ಕೆ ಬರುತ್ತದೆ. ಇಂಥ ಕಡತಗಳು ಉಚಿತವಾಗಿಯೂ ಸಿಗುತ್ತವೆ.

ಆದುದರಿಂದ ಕೊಳ್ಳುವವನ ಎರಡನೆಯ ಪ್ರಶ್ನೆ: ನನ್ನ ಏರ್ಪಾಡಿನಲ್ಲಿ ಸ್ಪೀಕರಿನ ಸ್ಥಾನದಲ್ಲಿ ಯಾರಿದ್ದಾರೆ? ಕಂಪ್ಯೂಟರಿನಲ್ಲಿ ಆ ಕಡತವನ್ನು ಬಳಸುವವನಾದರೆ ಸಾಧಾರಣ ಪೆಡಲೇ ಸಾಕು. ಕಂಪ್ಯೂಟರಿನ ಜಂಜಾಟ ಬೇಡ, ಸಣ್ಣ ಮುದ್ರಣಯಂತ್ರಕ್ಕೆ ಜೋಡಿಸಿ ನುಡಿಸುತ್ತೇನೆ ಎನ್ನುವವನು ಸೋಸುವ ಮಂಡಲವನ್ನು ಒಡಲಲ್ಲೇ ಉಳ್ಳ ಪೆಡಲನ್ನು ಆರಿಸಬೇಕು. ಎರಡನ್ನೂ ಒಟ್ಟಿಗೆ ಬಳಸಿದರೆ ಮಾತ್ರ ಕೆಡುಕು: ಒಂದು ಸ್ಪೀಕರಿನ ಮೂಲಕ ಇನ್ನೊಂದು ಸ್ಪೀಕರು ನುಡಿದಂತಾಗಿ ನಾದ ಕಂಬಳಿ ಹೊದ್ದು ಮಲಗುತ್ತದೆ.

ಕೆಲವು ಪ್ರಸಿದ್ಧ ಪೆಡಲುಗಳ ಸ್ವಭಾವವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. 1970ರ ದಶಕದ ಕೊನೆಯಲ್ಲಿ ಜಪಾನಿನಿಂದ ಬಂದ ಹಸಿರು ಬಣ್ಣದ 'ಟ್ಯೂಬ್ ಸ್ಕ್ರೀಮರ್' ಮೃದುವಾಗಿ ಕತ್ತರಿಸುತ್ತದೆ. ತಗ್ಗುಸ್ವರಗಳನ್ನು ಮೊದಲೇ ಕುಗ್ಗಿಸಿ ನಡುಸ್ವರಗಳನ್ನು ಮುಂದಿಡುತ್ತದೆ. ಮುಂದೆ ಒಂದು ಆಂಪ್ಲಿಫೈಯರು, ಅಥವಾ ಕಂಪ್ಯೂಟರಿನೊಳಗಿನ ಅದರ ಪ್ರತಿರೂಪ, ಇದ್ದಾಗ ಇದರ ಸೊಗಸು. ಒಂಟಿಯಾಗಿ ಬಿಟ್ಟರೆ ತೆಳುವೆನಿಸೀತು. 1978ರ ಕಿತ್ತಳೆ ಬಣ್ಣದ 'ಬಾಸ್ ಡಿಎಸ್-1' ಗಟ್ಟಿಯಾಗಿ ಕತ್ತರಿಸುವ ಜಾತಿಯದು, ಬಹಳ ಪ್ರಖರ; ಸ್ಪೀಕರಿನ ಜರಡಿಯಿಲ್ಲದೆ ಅದನ್ನು ಕೇಳುವುದು ಕಿವಿಗೆ ಶಿಕ್ಷೆ. ಅದೇ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ 'ರ‍್ಯಾಟ್' ಎಂಬುದರಲ್ಲಿ ಫಿಲ್ಟರ್ ಎಂಬ ತಿರುಗಣೆಯಿದೆ. ಬಲಕ್ಕೆ ತಿರುಗಿಸಿದಷ್ಟೂ ಮೇಲಿನ ಉಪಸ್ವರಗಳು ಮರೆಯಾಗುತ್ತವೆ. ಸೋಸುವ ಕೆಲಸದಲ್ಲಿ ಒಂದಿಷ್ಟನ್ನು ಅದೇ ವಹಿಸಿಕೊಳ್ಳುವುದರಿಂದ ಮನೆಯ ಮುದ್ರಣಕ್ಕೆ ಅದು ಹೊಂದಿಕೊಳ್ಳುತ್ತದೆ. 1969ರಿಂದ ನ್ಯೂಯಾರ್ಕಿನ 'ಬಿಗ್ ಮಫ್' ತನ್ನ ದೀರ್ಘವಾದ ಎಳೆತಕ್ಕೆ ಹೆಸರಾಗಿದೆ. ಆದರೆ ಅದು ನಡುಸ್ವರಗಳನ್ನು ಹಳ್ಳಕ್ಕಿಳಿಸುತ್ತದೆ. ಒಂಟಿಯಾಗಿ ಕೇಳಿದಾಗ ಭವ್ಯ, ಡ್ರಮ್ಮು ಬಾಸುಗಳ ನಡುವೆ ಕೇಳಿದಾಗ ಎಲ್ಲಿ ಹೋಯಿತೆಂದು ಹುಡುಕಬೇಕು. 1966ರಲ್ಲಿ ಲಂಡನ್ನಿನಲ್ಲಿ ತಯಾರಾದ ದುಂಡು ಮುಖದ 'ಫಝ್ ಫೇಸ್' ಗಿಟಾರಿಗೆ ನೇರವಾಗಿ ಅಂಟಿಕೊಂಡಿರಬೇಕು. ನಡುವೆ ಬೇರೊಂದು ಪೆಡಲ್ ಬಂದರೆ ಮುನಿಸಿಕೊಳ್ಳುತ್ತದೆ. ಹಾಗಿದ್ದರೆ ಗಿಟಾರಿನ ದನಿಯ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಸಾಕು, ಒಡಕು ಕರಗಿ ತಿಳಿಯಾಗುತ್ತದೆ.

ಆರಿಸುವ ರೀತಿಯ ಬಗ್ಗೆ ಎರಡು ಮಾತು. ಅಂಗಡಿಯ ಆಂಪ್ಲಿಫೈಯರಿನ ಎದುರು ನಿಂತು ಕೊಡುವ ತೀರ್ಪು ಆ ಆಂಪ್ಲಿಫೈಯರಿಗೆ ಸಲ್ಲುವ ತೀರ್ಪು. ಸಾಧ್ಯವಾದರೆ ಪೆಡಲನ್ನು ಎರಡು ದಿನದ ಮಟ್ಟಿಗೆ ಎರವಲು ತಂದು ತನ್ನ ಏರ್ಪಾಡಿನಲ್ಲೇ ಪರೀಕ್ಷಿಸಬೇಕು. ಒಂದೇ ಪಂಕ್ತಿಯನ್ನು ಎಲ್ಲ ಪೆಡಲುಗಳಲ್ಲೂ ಮುದ್ರಿಸಿ, ಅವುಗಳ ಗಟ್ಟಿತನವನ್ನು ಸಮ ಮಾಡಿ, ಉಳಿದ ವಾದ್ಯಗಳೊಡನೆ ಕೂಡಿಸಿ ಕೇಳಬೇಕು. ಸಮ ಮಾಡದಿದ್ದರೆ ಗಟ್ಟಿಯಾಗಿ ಕೇಳಿದ್ದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಇದು ಎಲ್ಲ ಕಿವಿಗಳ ಸಹಜ ದೌರ್ಬಲ್ಯ. ವೇದಿಕೆಯಲ್ಲಿ ಇಡುವಷ್ಟು ಒಡಕನ್ನು ಮುದ್ರಣದಲ್ಲಿ ಇಡಬಾರದು. ಒಂದೇ ಭಾಗವನ್ನು ಎರಡು ಬಾರಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇರಿಸಿದಾಗ ಒಡಕು ತಾನಾಗಿ ದಪ್ಪವಾಗುತ್ತದೆ. ಯಂತ್ರದ ಕೆಂಪು ದೀಪ ಬೆಳಗದಂತೆ ಪೆಡಲಿನ ಹೊರದನಿಯನ್ನು ಇಳಿಸಿಡಬೇಕು. ಕಂಪ್ಯೂಟರಿನ ಅಂಕಿಗಳು ಮಿತಿ ಮೀರಿ ಒಡೆಯುವ ದನಿಗೂ ಡಯೋಡು ಒಡೆಯುವ ದನಿಗೂ ಸಂಬಂಧವಿಲ್ಲ. ಪೆಡಲ್ ನಾದದೊಡನೆ ಮನೆಯ ವಿದ್ಯುತ್ತಿನ 50 ಆವರ್ತದ ಗುಂಯ್‌ಗುಡುವಿಕೆಯನ್ನೂ ನೂರು ಪಟ್ಟು ಹಿಗ್ಗಿಸುತ್ತದೆಂಬುದನ್ನು ಮರೆಯಬಾರದು. ಬ್ಯಾಟರಿಯಿಂದ ನಡೆಸುವುದು, ಗಿಟಾರನ್ನು ಟ್ರಾನ್ಸ್‌ಫಾರ್ಮರುಗಳಿಂದ ದೂರವಿಟ್ಟು ದಿಕ್ಕು ಬದಲಿಸಿ ಕೂರುವುದು, ಇವು ಕಾಸಿಲ್ಲದ ಔಷಧಗಳು.

ಎಲ್ಲವೂ ಕಂಪ್ಯೂಟರಿನಲ್ಲೇ ಸಿಗುವಾಗ ಪೆಡಲಿನ ಹಂಗೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಶುದ್ಧ ನಾದವನ್ನು ಮುದ್ರಿಸಿ, ಒಡಕನ್ನು ಆಮೇಲೆ ಲೇಪಿಸಬಹುದು, ಬೇಡವಾದರೆ ಬದಲಿಸಬಹುದು. ಪೆಡಲಿನಿಂದ ಒಡೆದು ಮುದ್ರಿಸಿದ ನಾದವನ್ನಾದರೋ ಮತ್ತೆ ಕೂಡಿಸಲಾಗದು. ಆದರೆ ವಾದಕನ ಕೈ ಕಿವಿಯ ಹಿಂದೆ ನಡೆಯುವ ಪ್ರಾಣಿ. ಸ್ವರ ದೀರ್ಘವಾಗಿ ನಿಲ್ಲುತ್ತದೆಂದು ಕೇಳಿದಾಗ ಬೆರಳು ಅದನ್ನು ನಿಲ್ಲಲು ಬಿಡುತ್ತದೆ. ಒಡಕು ಹೆಚ್ಚಿತೆಂದು ಕೇಳಿದಾಗ ಅಂಗೈ ತಂತಿಯ ಮೇಲೆ ಒರಗಿ ಅದನ್ನು ಅಡಗಿಸುತ್ತದೆ. ಶುದ್ಧ ನಾದವನ್ನು ಕೇಳುತ್ತ ನುಡಿಸಿದ ಪಂಕ್ತಿಗೆ ಒಡಕನ್ನು ಆಮೇಲೆ ಲೇಪಿಸಿದರೆ ನಾದ ಒಡೆದೀತು, ನುಡಿಸಾಣಿಕೆ ಒಡೆಯದು. ಆದ್ದರಿಂದ ಕೇಳುತ್ತ ನುಡಿಸುವುದು ಪೆಡಲಿನ ನಾದವಾಗಿರಲಿ; ಎಚ್ಚರಿಕೆಗೆಂದು ಗಿಟಾರಿನ ದನಿಯನ್ನು ಇಬ್ಭಾಗ ಮಾಡಿ ಶುದ್ಧ ಪ್ರತಿಯೊಂದನ್ನು ಇನ್ನೊಂದು ಚಾನೆಲ್ಲಿನಲ್ಲಿ ಕಾದಿಡಬಹುದು. ಸ್ವಾತಂತ್ರ್ಯವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಮಾರುಕಟ್ಟೆಯಲ್ಲಿ ಸಾವಿರಾರು ಪೆಡಲುಗಳಿವೆ. ಪ್ರತಿಯೊಂದೂ ತಾನೇ ಕೊನೆಯದೆಂದು ಹೇಳಿಕೊಳ್ಳುತ್ತದೆ. ಒಂದರ ಹಿಂದೊಂದನ್ನು ಕೊಳ್ಳುತ್ತ ಹೋಗುವವನು ವರ್ಷಗಳು ಕಳೆದ ಮೇಲೆ ಪೆಟ್ಟಿಗೆಗಳ ಸಾಲನ್ನು ಹೊಂದಿರುತ್ತಾನೆ, ಒಂದು ಹಾಡನ್ನಲ್ಲ. ತಾನು ನುಡಿಸುವುದೇನೆಂದು ಬಲ್ಲವನಿಗೆ, ಸ್ಪೀಕರಿನ ಜಾಗದಲ್ಲಿ ಯಾರು ನಿಂತಿದ್ದಾರೆಂದು ಬಲ್ಲವನಿಗೆ, ಸಾಧಾರಣ ಬೆಲೆಯ ಒಂದೇ ಪೆಡಲ್ ಬಹಳ ಕಾಲ ಸಾಕಾಗುತ್ತದೆ. ಜೀವಾಳದ ಎಳೆಗೆ ಬೆಲೆಯೆಂಬುದು ಇಲ್ಲವೇ ಇಲ್ಲ; ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಕಿವಿಗೆ ಮಾತ್ರ ಬೆಲೆ. ಗಿಟಾರಿನ ವಿಷಯದಲ್ಲಿಯೂ ಅದೇ ಮಾತು ನಿಜ.